ದರ್ಬಾರಿನ ಗದ್ದುಗೆ, ಕೆರೆಯ ಏರಿ



ಮನುಷ್ಯನ ಮನಸ್ಸನ್ನು ಬಹು ಬೇಗನೆ ಸೆರೆಹಿಡಿಯುವ ಸುಖಗಳಲ್ಲಿ ದೊಡ್ಡವರ ಕೃಪಾದೃಷ್ಟಿಯೂ ಒಂದು. ನಮಗಿಂತ ಮೇಲಿನ ಸ್ಥಾನದಲ್ಲಿರುವವರು ನೂರು ಜನರ ನಡುವೆ ನಮ್ಮ ಹೆಸರು ಹಿಡಿದು ಕರೆದರೆ ಎದೆಯುಬ್ಬುತ್ತದೆ. ಮರುದಿನ ಅದೇ ಮಹನೀಯರು ಕಂಡೂ ಕಾಣದಂತೆ ಮುಂದೆ ಸಾಗಿದರೆ ಊಟ ರುಚಿಸುವುದಿಲ್ಲ, ರಾತ್ರಿ ನಿದ್ರೆ ಬರುವುದಿಲ್ಲ. ಕಚೇರಿಗಳಲ್ಲಿ, ಪಕ್ಷಗಳಲ್ಲಿ, ಸಂಘಸಂಸ್ಥೆಗಳಲ್ಲಿ, ಕಡೆಗೆ ಬಂಧುಗಳ ಮನೆಯ ಮದುವೆಯ ಚಪ್ಪರದಲ್ಲಿಯೂ ಈ ಏರಿಳಿತವನ್ನು ನೀವು ಕಂಡಿರುತ್ತೀರಿ. ಬಹುಶಃ ಅನುಭವಿಸಿಯೂ ಇರುತ್ತೀರಿ. ಆದರೆ ಅದರ ನಿಜರೂಪ ಮುಸುಕಿಲ್ಲದೆ ಕಾಣುವುದು ಅರಮನೆಗಳ ಚರಿತ್ರೆಯಲ್ಲಿ. ಅಲ್ಲಿ ಕೃಪೆಯ ಬೆಲೆ ಒಂದು ಜಹಗೀರು, ಅವಕೃಪೆಯ ಬೆಲೆ ಒಂದು ತಲೆ.

ದರ್ಬಾರಿನ ಏಳುಬೀಳು ಎಂದೊಡನೆ ಓದಿದವರಿಗೆ ನೆನಪಾಗುವುದು ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಅರಮನೆ. ಸುಮಾರು ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಮೂವರು ಮಹಾಮಂತ್ರಿಗಳು ಆ ದೊರೆಯ ಬಲಗೈಯೆನಿಸಿ ಮೆರೆದರು. ಮೊದಲನೆಯವರು ಕಾರ್ಡಿನಲ್ ವೂಲ್ಸಿ. ಇಪ್ಸ್‌ವಿಚ್ ಎಂಬ ಊರಿನ ಕಟುಕನ ಮಗನಾಗಿ ಹುಟ್ಟಿ, ರಾಜ್ಯದ ಪ್ರಧಾನ ಮಂತ್ರಿಪದವಿಗೇರಿ, ಹ್ಯಾಂಪ್ಟನ್ ಕೋರ್ಟ್ ಎಂಬ ಅರಮನೆಯನ್ನು ಕಟ್ಟಿಸಿದವರು. ದೊರೆಯ ಕಣ್ಣು ಅದರ ಮೇಲೆ ಬಿದ್ದುದನ್ನು ಕಂಡು ಅದನ್ನು ದೊರೆಗೇ ಒಪ್ಪಿಸಿದರು. ಅರಮನೆ ಕೊಟ್ಟರೂ ಕೃಪೆ ಉಳಿಯಲಿಲ್ಲ. ದೊರೆಯ ವಿವಾಹರದ್ದತಿಯನ್ನು ರೋಮಿನಿಂದ ದೊರಕಿಸಿಕೊಡಲಾರದೆ 1529ರಲ್ಲಿ ಪದವಿ ಕಳೆದುಕೊಂಡರು. ರಾಜದ್ರೋಹದ ಆಪಾದನೆ ಹೊತ್ತು ಸೆರೆಯಾಳಾಗಿ ಲಂಡನ್ನಿನತ್ತ ಬರುತ್ತಿದ್ದಾಗ 1530ರ ನವೆಂಬರ್ 29ರಂದು ಲೆಸ್ಟರಿನ ಮಠವೊಂದರಲ್ಲಿ ತೀರಿಕೊಂಡರು.

ಅವರ ನಂತರ ಆ ಪದವಿಗೆ ಬಂದವರು ಥಾಮಸ್ ಮೋರ್. ಧರ್ಮಸಭೆ 1935ರಲ್ಲಿ ಸಂತರೆಂದು ಘೋಷಿಸಿದ, 2000ದಲ್ಲಿ ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದ ಮಹಾನುಭಾವರು. ದೊರೆ ಅವರ ಮನೆಯ ತೋಟದಲ್ಲಿ ಅವರ ಕೊರಳಿಗೆ ಕೈಹಾಕಿಕೊಂಡು ತಿರುಗಾಡಿದನಂತೆ. ಅದನ್ನು ಕಂಡು ಹಿಗ್ಗಿದ ಅಳಿಯನಿಗೆ ಮೋರ್ ಹೇಳಿದ್ದು ಬೇರೆ: ತನ್ನ ತಲೆಯಿಂದ ಫ್ರಾನ್ಸಿನಲ್ಲಿ ಒಂದು ಕೋಟೆ ದಕ್ಕುವಂತಿದ್ದರೆ ಅದು ಉರುಳದೆ ಇರದು ಎಂದು. ದೊರೆಯ ಪ್ರೀತಿಯ ಅಳತೆ ಅವರಿಗೆ ಮೊದಲೇ ಗೊತ್ತಿತ್ತು. ಆದುದರಿಂದಲೇ, ಆತ್ಮಸಾಕ್ಷಿಗೆ ಒಪ್ಪದ ದಾರಿಯಲ್ಲಿ ದೊರೆ ನಡೆಯತೊಡಗಿದಾಗ, ಯಾರೂ ಕಿತ್ತುಕೊಳ್ಳುವ ಮುನ್ನ 1532ರ ಮೇ 16ರಂದು ಅಧಿಕಾರಮುದ್ರೆಯನ್ನು ತಾವಾಗಿಯೇ ಹಿಂದಿರುಗಿಸಿದರು. ಮನೆಯ ವೆಚ್ಚವನ್ನು ಕುಗ್ಗಿಸಿ ಸುಮ್ಮನೆ ಬದುಕಲು ನೋಡಿದರು. ದೊರೆ ಸುಮ್ಮನಿರಗೊಡಲಿಲ್ಲ. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು.

ಮೂರನೆಯವನು ಥಾಮಸ್ ಕ್ರಾಮ್‌ವೆಲ್. 1540ರ ಏಪ್ರಿಲಿನಲ್ಲಿ ಎಸೆಕ್ಸಿನ ಅರ್ಲ್ ಎಂಬ ಉನ್ನತ ಬಿರುದು. ಅದೇ ಜುಲೈ 28ರಂದು ಕೊಡಲಿಯ ಪೆಟ್ಟು. ಅದೇ ದಿನ ದೊರೆಗೆ ಹೊಸ ಮದುವೆ. ಬಿರುದಿಗೂ ವಧಾಸ್ಥಾನಕ್ಕೂ ನಡುವೆ ಇದ್ದುದು ನಾಲ್ಕು ತಿಂಗಳೂ ಅಲ್ಲ.

ಇವರಲ್ಲಿ ಇಬ್ಬರನ್ನು ದರ್ಬಾರು ಮೇಲಿನಿಂದ ತಳ್ಳಿತು. ಒಬ್ಬರು ತಾವಾಗಿ ಮೆಟ್ಟಿಲಿಳಿದು ಬಂದರು. ಬಿದ್ದವರೂ ಸತ್ತರು, ಇಳಿದವರೂ ಸತ್ತರು ಎನ್ನುವುದು ನಿಜ. ಆದರೂ ಆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ತಿಳಿಯಲು ನಾವು ಸಮುದ್ರ ದಾಟಿ ಹೋಗಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಕಡೆಯಿರುವ ಕಡೂರು, ತರೀಕೆರೆ, ಅಜ್ಜಂಪುರಗಳನ್ನು ಒಮ್ಮೆ ಸುತ್ತಿ ಬಂದರೆ ಸಾಕು. ಉಪಾಧ್ಯಾಯ ವೃತ್ತಿಯ ನಿಮಿತ್ತ ಅನೇಕ ವರ್ಷ ಈ ಮೂರು ಊರುಗಳ ನಡುವೆ ಓಡಾಡಿದ ನನಗೆ ಅಲ್ಲಿನ ಕಲ್ಲು, ಕೆರೆ, ಕಾವಲುಗಳು ಇದೇ ಪಾಠವನ್ನು ಮತ್ತೆ ಮತ್ತೆ ಹೇಳಿರುವುವು.

ಮೊದಲು ಕಡೂರು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಕಡೂರು ಒಂದು ನಿಲ್ದಾಣ, ಅಷ್ಟೆ. ಆದರೆ ಒಂದು ಕಾಲಕ್ಕೆ ಇಡೀ ಜಿಲ್ಲೆಗೆ ಅದರದೇ ಹೆಸರು. 1865ರಲ್ಲಿ ಜಿಲ್ಲಾ ಕಚೇರಿಗಳು ಚಿಕ್ಕಮಗಳೂರಿಗೆ ಹೋದವು. ಹೆಸರು ಮಾತ್ರ ಉಳಿಯಿತು. 1947ರಲ್ಲಿ ಆ ಹೆಸರೂ ಹೋಯಿತು. ವ್ಯಕ್ತಿಗಳಿಗಿರುವಂತೆ ಊರುಗಳಿಗೂ ಪದವಿ ಬರುತ್ತದೆ, ಹೋಗುತ್ತದೆ. ಕಡೂರಿನ ಜನ ಅದಕ್ಕಾಗಿ ಅತ್ತಂತೆ ಕಾಣುವುದಿಲ್ಲ. ತೆಂಗು ಬೆಳೆದರು, ರಾಗಿ ಬೆಳೆದರು, ಮಳೆಗೆ ಕಾದರು.

ಈ ಕಡೂರಿನಲ್ಲಿ ಕ್ರಿ.ಶ. 971ರ ಒಂದು ಶಾಸನವುಂಟು. ಕಂಬದ ಮೇಲೆ ಕೊರೆದಿರುವ ಆ ಶಾಸನ ಯಾವ ದೊರೆಯ ದಿಗ್ವಿಜಯವನ್ನೂ ಹೊಗಳುವುದಕ್ಕಾಗಿ ನಿಂತದ್ದಲ್ಲ. ಪಾಂಬಬ್ಬೆ ಎಂಬ ಹೆಣ್ಣುಮಗಳ ಸ್ಮಾರಕವದು. ಆಕೆ ಗಂಗ ದೊರೆ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಮಡದಿ. ಪಡಿಯರ ಎಂದರೆ ಅರಮನೆಯ ಬಾಗಿಲ ಅಧಿಕಾರಿ. ದೊರೆಯ ದರ್ಶನಕ್ಕೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದು ಅವನ ಕೈಯಲ್ಲಿ. ಇನ್ನು ತಮ್ಮ ಬೂತುಗನಾದರೋ ಸೋದರ ರಾಚಮಲ್ಲನನ್ನು ಕೊಂದು ಸಿಂಹಾಸನವೇರಿದವನು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಬಂಧು. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದು ಚಕ್ರವರ್ತಿಯಿಂದ ನಾಡುಗಳನ್ನೇ ಉಡುಗೊರೆಯಾಗಿ ಪಡೆದವನು. ಆ ಕಾಲದ ಕನ್ನಡ ನಾಡಿನಲ್ಲಿ ಅದಕ್ಕಿಂತ ದೊಡ್ಡ ರಾಜಕೃಪೆಯಿರಲಿಲ್ಲ. ಅಂಥ ಮನೆಯ ಮಗಳು ತಲೆಗೂದಲನ್ನು ಕಿತ್ತು ಜೈನ ದೀಕ್ಷೆ ತೊಟ್ಟು, ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳು ಎಂದು ಆ ಕಂಬ ಹೇಳುತ್ತದೆ.

ಈ ಮೂವತ್ತು ವರ್ಷಗಳ ಲೆಕ್ಕವನ್ನು ಸ್ವಲ್ಪ ಗಮನಿಸಿರಿ. 971ರಿಂದ ಹಿಂದಕ್ಕೆ ಎಣಿಸಿದರೆ ಆಕೆ ಅರಮನೆಯನ್ನು ಬಿಟ್ಟದ್ದು ಸುಮಾರು 941ರ ಹೊತ್ತಿಗೆ, ಅಂದರೆ ತಮ್ಮನ ಭಾಗ್ಯ ಉದಯವಾಗುತ್ತಿದ್ದ ಕಾಲದಲ್ಲಿ. ಸೋತು ಓಡಿದವಳಲ್ಲ, ತಳ್ಳಿಸಿಕೊಂಡವಳೂ ಅಲ್ಲ. ಹಬ್ಬದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದ್ದು ನಡೆದವಳು. ಆಕೆ ತೀರಿಕೊಂಡ ಎರಡೇ ವರ್ಷಕ್ಕೆ, 973ರಲ್ಲಿ, ತೈಲಪನ ಕೈಯಲ್ಲಿ ರಾಷ್ಟ್ರಕೂಟರ ಸಾಮ್ರಾಜ್ಯ ಮುಗಿಯಿತು. ಆ ಸಾಮ್ರಾಜ್ಯಕ್ಕೆ ಆಸರೆಯಾಗಿದ್ದ ಬೂತುಗನ ಮಗ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ. ಅಕ್ಕ ಮೂವತ್ತು ವರ್ಷ ಮೊದಲೇ ಇಳಿದಿದ್ದ ಮೆಟ್ಟಿಲುಗಳನ್ನು ಉಳಿದವರು ಕಾಲ ಬಂದಾಗ ಇಳಿದರು.

ಎಲ್ಲರೂ ಪಾಂಬಬ್ಬೆಯಂತೆ ಅಧಿಕಾರವನ್ನು ಬಿಟ್ಟು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಸಂಸಾರಸ್ಥರಾದ ನಾವು ಹಾಗೆ ಹೋಗಲಾರೆವು, ಹೋಗಬೇಕಾಗಿಯೂ ಇಲ್ಲ. ಅಧಿಕಾರದಲ್ಲಿದ್ದುಕೊಂಡೇ ಅದನ್ನು ಒಳ್ಳೆಯ ಕೆಲಸಕ್ಕೆ ತೊಡಗಿಸಿದವರ ಸಾಕ್ಷಿ ತರೀಕೆರೆಯ ಹತ್ತಿರವೇ ಇದೆ. ಊರಿನಿಂದ ಕೆಲವು ಮೈಲಿ ದೂರದ ಅಮೃತಾಪುರದಲ್ಲಿ, ತೆಂಗು ಅಡಿಕೆ ತೋಟಗಳ ನಡುವೆ, ಅಮೃತೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅದನ್ನು ಕಟ್ಟಿಸಿದವನು ದೊರೆಯಲ್ಲ. ಅವನ ದರ್ಬಾರಿನ ದಂಡನಾಯಕ ಅಮೃತ. ಹೊರಗೋಡೆಯಲ್ಲಿ ನೂರನಾಲ್ವತ್ತು ಕಥಾಫಲಕಗಳಿವೆ: ತೆಂಕಣ ಗೋಡೆಯ ಎಪ್ಪತ್ತರಲ್ಲಿ ರಾಮಾಯಣ, ಬಡಗಣ ಗೋಡೆಯ ಎಪ್ಪತ್ತರಲ್ಲಿ ಭಾಗವತ ಮತ್ತು ಮಹಾಭಾರತ. ಮುಂದೆ ಸೋಮನಾಥಪುರದಂಥ ಗುಡಿಗಳಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮ ಕೈಪಳಗಿಸಿಕೊಂಡದ್ದು ಇಲ್ಲಿನ ಮಂಟಪದ ಭುವನೇಶ್ವರಿಗಳಲ್ಲಿ ಎಂದು ಬಲ್ಲವರು ಹೇಳುತ್ತಾರೆ. ಮುಖಮಂಟಪದ ಬಳಿಯ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು.

ಒಮ್ಮೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಸಾರ್, ದಂಡನಾಯಕ ಎಷ್ಟು ಯುದ್ಧ ಗೆದ್ದ?” ಆ ಪ್ರಶ್ನೆಗೆ ನಾನು ಗೋಡೆಯ ಕಡೆ ಕೈತೋರಿಸಿ, ಇದನ್ನು ಗೆದ್ದ ಎಂದೆ. ಹುಡುಗನಿಗೆ ತೃಪ್ತಿಯಾಗಲಿಲ್ಲ. ಆದರೆ ನೀವೇ ಯೋಚಿಸಿ ನೋಡಿ. ಆ ದರ್ಬಾರಿನ ಒಳಜಗಳಗಳು, ಯಾರು ದೊರೆಯ ಬಲಕ್ಕೆ ಕುಳಿತರು, ಯಾರು ಎಡಕ್ಕೆ ಸರಿದರು ಎಂಬುದೆಲ್ಲ ಈಗ ಯಾರಿಗೆ ಬೇಕು? 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರದ ಬಾಗಿಲಿಗೆ ಬಂತು. 1343ರಲ್ಲಿ ಮೂರನೆಯ ಬಲ್ಲಾಳ ಮಧುರೆಯವರ ಕೈಗೆ ಸಿಕ್ಕಿ ಸತ್ತ. ಗದ್ದುಗೆ ಹೋಯಿತು, ಆದರೆ ಆ ಗದ್ದುಗೆಯ ಬಳಿ ನಿಂತಿದ್ದ ಒಬ್ಬ ಅಧಿಕಾರಿ ತನ್ನ ಕಾಲ ಚೆನ್ನಾಗಿದ್ದಾಗ ಕಲ್ಲುಕುಟಿಗನಿಗೆ ಕೆಲಸ ಕೊಟ್ಟದ್ದು, ಕವಿಗೆ ಮಾತು ಕೊಟ್ಟದ್ದು ಉಳಿಯಿತು.

ಇನ್ನು ತರೀಕೆರೆಯ ಪಾಳೆಯಗಾರರ ಕಥೆ. ಇದು ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚಾದ ಮನೆತನ. ಇವರ ಮೂಲಸ್ಥಾನ ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಬಸವಾಪಟ್ಟಣ. ವಿಜಯನಗರದ ಆಶ್ರಯದಲ್ಲಿ ಬೆಳೆದವರು. ಸಂತೆಬೆನ್ನೂರಿನ ನಡುವಣ ಮಂಟಪದ ಅಂದವಾದ ಪುಷ್ಕರಿಣಿ ಇವರದೇ ಕೊಡುಗೆ. ವಿಜಯನಗರ ಕುಂದಿದ ಮೇಲೆ ಇವರಿಗೆ ಬೇರೊಂದು ದರ್ಬಾರಿನ ಕೃಪೆ ಬೇಕಾಯಿತು. 1637ರ ಕೊನೆಯಲ್ಲಿ, ನೆರೆಯ ಇಕ್ಕೇರಿಯ ವೀರಭದ್ರ ನಾಯಕನ ಮೇಲಿನ ಹಗೆಯಿಂದ, ಕೆಂಗೆ ಹನುಮ ನಾಯಕ ಬಿಜಾಪುರದ ರಣದುಲ್ಲಾಖಾನನ ಸೈನ್ಯಕ್ಕೆ ದಾರಿ ತೋರಿದ. ಇಕ್ಕೇರಿ ಸೂರೆಹೋಯಿತು. ನಾಯಕನಿಗೆ ಸುಲ್ತಾನನ ಮೆಚ್ಚುಗೆ ದೊರೆಯಿತು. ಆದರೆ ನೆರೆಮನೆಯ ಬಾಗಿಲು ಒಡೆಯಲು ಕರೆತಂದವನು ನಮ್ಮ ಮನೆಯ ಬಾಗಿಲನ್ನೂ ನೋಡಿಕೊಂಡೇ ಹೋಗಿರುತ್ತಾನೆ. ಎರಡು ವರ್ಷ ತುಂಬುವ ಹೊತ್ತಿಗೆ ಮನಸ್ತಾಪ ಬೆಳೆದು, ಅದೇ ಬಿಜಾಪುರದ ಸೈನ್ಯ ಬಸವಾಪಟ್ಟಣದ ಕೋಟೆಯನ್ನೇ ಹಿಡಿಯಿತು. ನೆಲೆ ತಪ್ಪಿದ ಮನೆತನ ಕೊನೆಗೆ ತರೀಕೆರೆಯಲ್ಲಿ ಕೋಟೆ ಕಟ್ಟಿ ನಿಂತಿತು.

ಅಲ್ಲಿಗೂ ಹೊಸ ಒಡೆಯರು ಬಂದರು. ಹೈದರಾಲಿ ಕಪ್ಪ ಕೇಳಿದ, ಟಿಪ್ಪು ಸೀಮೆಯನ್ನು ಕಿತ್ತುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮೈಸೂರಿನಲ್ಲಿ ಒಡೆಯರ ಆಳ್ವಿಕೆ ಮರಳಿದ ಮೇಲೆ, ಪಾಳೆಯಗಾರನ ಪಾಲಿಗೆ ಉಳಿದದ್ದು ದೊರೆ ಕೊಡುವ ಮಾಸಾಶನ. ಹಿಂದೆ ತನ್ನ ಹಜಾರದಲ್ಲಿ ಕುಳಿತು ನ್ಯಾಯ ಹೇಳುತ್ತಿದ್ದವರ ವಂಶದವನು ಈಗ ಮೈಸೂರಿನಲ್ಲಿ ಮತ್ತೊಬ್ಬರ ಹಜಾರದಲ್ಲಿ ನಿಲ್ಲಬೇಕಾಯಿತು.

1830ರಲ್ಲಿ ನಗರ ಸೀಮೆಯ ರೈತರು ಎದ್ದರು. ಕಂದಾಯದ ವಸೂಲಿಯನ್ನು ಗುತ್ತಿಗೆಗೆ ಬಿಟ್ಟಿದ್ದು, ಭಾರವಾದ ತೆರಿಗೆಗಳು, ಅಧಿಕಾರಿಗಳ ದೌರ್ಜನ್ಯ ಇವೆಲ್ಲ ಅದಕ್ಕೆ ಕಾರಣ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು. ಮೈಸೂರಿನ ದರ್ಬಾರಿನಲ್ಲಿ ಗಾಳಿ ತಿರುಗಿ, ನಗರದ ಹಳೆಯ ಫೌಜುದಾರರ ಕಡೆಯವರು ಇಳಿದು ಹೊಸ ಫೌಜುದಾರರು ಬಂದಿದ್ದರು. ಹಳಬರು ಬಿಟ್ಟುಕೊಟ್ಟಿದ್ದ ಬಾಕಿಯನ್ನು ಹೊಸಬರು ಮತ್ತೆ ಕೇಳಿದರು. ದೊಡ್ಡವರ ಚದುರಂಗದಲ್ಲಿ ಒಂದು ಕಾಯಿ ಸರಿದಾಗ, ದೂರದ ಹಳ್ಳಿಯಲ್ಲಿ ಒಬ್ಬ ರೈತ ತನ್ನ ಎತ್ತನ್ನು ಮಾರಬೇಕಾಗುತ್ತದೆ. ದರ್ಬಾರಿನ ಏಳುಬೀಳಿನ ಕಥೆಗಳಲ್ಲಿ ಈ ರೈತನ ಹೆಸರು ಬರುವುದಿಲ್ಲ. ಆದರೆ ಎಲ್ಲದರ ವೆಚ್ಚವನ್ನು ಕೊಟ್ಟವನು ಅವನೇ.

ರೈತರು ಕೂಟಗಳಾಗಿ ಸೇರಿದ ಸುದ್ದಿ ಕೇಳಿ ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಮೈಸೂರಿನಿಂದ ಗುಟ್ಟಾಗಿ ಹೊರಟುಬಂದ. ಪೂರ್ವಿಕರ ಗಿರಿದುರ್ಗಗಳು ಮತ್ತೆ ಅವನ ಕಡೆಯವರ ವಶವಾದವು. ಕೆಲವು ತಿಂಗಳ ಮಟ್ಟಿಗೆ ಹಳೆಯ ವೈಭವ ಮರಳಿದಂತೆ ತೋರಿತು. ಆದರೆ ಕಂಪೆನಿಯ ಪಲ್ಟಣಗಳು ಬಂದವು. 1831ರಲ್ಲಿ ನಗರ ಬಿತ್ತು. ಸರ್ಜಾ ಹನುಮಪ್ಪ ನಾಯಕ ಮಾತ್ರ ಇನ್ನೂ ಕೆಲಕಾಲ ಕಾಡು ಗುಡ್ಡಗಳ ಆಸರೆಯಲ್ಲಿ ಹೋರಾಡಿದ. 1834ರಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದರು. ಅಲ್ಲಿಗೆ ಆ ಪಾಳೆಯಪಟ್ಟಿನ ಕಥೆ ಮುಗಿಯಿತು.

ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ ಎನ್ನುವುದೇ ಇದರ ವಿಶೇಷ. ಪಾಳೆಯಗಾರನಿಗೆ ಮಾಸಾಶನ ಕೊಡುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರೂ, ಈ ದಂಗೆಯನ್ನೇ ನೆಪವಾಗಿ ಹಿಡಿದ ಗವರ್ನರ್ ಜನರಲ್ ಬೆಂಟಿಂಕನ ಆಜ್ಞೆಯಂತೆ, 1831ರಲ್ಲಿ ಆಡಳಿತಾಧಿಕಾರ ಕಳೆದುಕೊಂಡರು. ತನಿಖೆಯ ಸಮಿತಿ ನೇಮಕವಾದದ್ದು ಆ ನಂತರ! 1833ರಲ್ಲಿ ಅದು ಕೊಟ್ಟ ವರದಿ ಮಹಾರಾಜರ ಮೇಲಿನ ಆಪಾದನೆಗಳನ್ನು ಬಹುಮಟ್ಟಿಗೆ ಹಗುರಗೊಳಿಸಿತು. ಆದರೂ ಅಧಿಕಾರ ಮರಳಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೂ ಮಹಾರಾಜರು ಪಿಂಚಣಿಯ ಮೇಲೆ ಬದುಕಿದರು. ಅವರ ದತ್ತುಪುತ್ರನಿಗೆ ಆಳ್ವಿಕೆ ದೊರೆತದ್ದು 1881ರಲ್ಲಿ. ಹಾಗಾದರೆ ಕಂಪೆನಿ ಸ್ಥಿರವಾಗಿ ನಿಂತಿತೇ? 1858ರಲ್ಲಿ ಇಂಗ್ಲೆಂಡಿನ ಸಂಸತ್ತು ಕಂಪೆನಿಯ ಆಡಳಿತವನ್ನೇ ಮುಗಿಸಿತು. 1947ರಲ್ಲಿ ಇಂಗ್ಲೆಂಡೂ ಹೊರಟಿತು. 1971ರಲ್ಲಿ ನಮ್ಮದೇ ಸಂಸತ್ತು ರಾಜಧನವನ್ನು ನಿಲ್ಲಿಸಿತು. ತರೀಕೆರೆಯ ನಾಯಕ ಮೈಸೂರಿನ ಮುಂದೆ, ಮೈಸೂರು ಕಲ್ಕತ್ತೆಯ ಮುಂದೆ, ಕಲ್ಕತ್ತೆ ಲಂಡನ್ನಿನ ಮುಂದೆ ಕೈಕಟ್ಟಿ ನಿಂತಿದ್ದ ಸಾಲು ಅದು. ನಾವು ದೊರೆಯೆಂದು ತಿಳಿದವನು ಇನ್ನೊಂದು ದರ್ಬಾರಿನಲ್ಲಿ ಊಳಿಗದವನು.

ಅಜ್ಜಂಪುರಕ್ಕೆ ಬರೋಣ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಊರು. ಇಲ್ಲಿ ರಾಜಕೃಪೆಯ ಏರಿಳಿತವನ್ನು ಉಂಡವು ಮನುಷ್ಯರಲ್ಲ, ದನಗಳು! ಇಲ್ಲಿನ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಲ್ಲಿ ಉದ್ದ ಕೊಂಬಿನ ಆ ಬೂದುಬಣ್ಣದ ದನಗಳನ್ನು ನೋಡಿದವರಿಗೆ ಅವುಗಳ ಕಣ್ಣಿನಲ್ಲಿರುವ ಬಿಗುಮಾನ ಮರೆಯಲಾಗದು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯ ಹಸುಗಳ ಸಂತತಿ ಅವು. ಹೈದರಾಲಿ ಫಿರಂಗಿ ಎಳೆಸಿದ. ಚಿದಂಬರಕ್ಕೆ ಅವನು ಧಾವಿಸಿದಾಗ ಈ ಎತ್ತುಗಳು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದವಂತೆ. ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಆಂಗ್ಲರ ಸೇನೆಯ ಪಾಲಾದವು. 1860ರಲ್ಲಿ, ವೆಚ್ಚ ಹೆಚ್ಚೆಂದು ಲೆಕ್ಕ ಹಾಕಿ, ಮಂದೆಗಳನ್ನು ಮಾರಿ ಇಲಾಖೆಯನ್ನೇ ಮುಚ್ಚಿದರು. ಕೆಲವೇ ವರ್ಷಗಳಲ್ಲಿ ಎತ್ತುಗಳ ಅಭಾವ ತಟ್ಟಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮುಂದೆ ಮೋಟಾರು ಬಂತು, ಟ್ರ್ಯಾಕ್ಟರು ಬಂತು, ಕಾವಲುಗಳು ಒಂದೊಂದಾಗಿ ಕುಗ್ಗಿದವು. ಆದರೆ ಆ ಎತ್ತಿಗೆ ತಾನು ಯಾರ ಫಿರಂಗಿ ಎಳೆದೆನೆಂಬ ಜಂಬವಿಲ್ಲ, ಯಾರು ಮಾರಿದರೆಂಬ ದುಃಖವೂ ಇಲ್ಲ. ಬಲ ಅದರ ಮೈಯಲ್ಲಿತ್ತು, ಲಾಯದ ಹೆಸರಿನಲ್ಲಿ ಅಲ್ಲ.

ಈ ಮಾತು ನನಗೆ ಮನದಟ್ಟಾದದ್ದು ಪುಸ್ತಕಗಳಿಂದ ಅಲ್ಲ, ನನ್ನ ತಂದೆಯವರ ಬಾಳಿನಿಂದ. ಅವರು ಒಂದು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ದೊಡ್ಡ ಹುದ್ದೆಯೇನಲ್ಲ, ಆದರೆ ಊರಿನ ಮಟ್ಟಿಗೆ ಅದೂ ಒಂದು ದರ್ಬಾರೇ. ಬೆಳಿಗ್ಗೆ ಏಳು ಗಂಟೆಗೆ ಜಗುಲಿಯ ಮೇಲೆ ನಾಲ್ಕಾರು ಜನ ಕುಳಿತಿರುತ್ತಿದ್ದರು. ಹಲಸಿನ ಕಾಲದಲ್ಲಿ ಹಲಸು, ಅವರೆಯ ಕಾಲದಲ್ಲಿ ಅವರೆ. ತಂದೆಯವರು ಬೇಡವೆಂದರೂ ತಾಯಿಯವರು ಮುಜುಗರದಿಂದ ಹಿಂದಿರುಗಿಸುವಷ್ಟರಲ್ಲಿ ತಂದವರು ಬೀದಿಯ ತಿರುವು ದಾಟಿರುತ್ತಿದ್ದರು. ನಿವೃತ್ತಿಯ ದಿನ ಹಾರ, ಶಾಲು, ಭಾಷಣ. ಅದಾದ ಒಂದು ವಾರಕ್ಕೆ ಜಗುಲಿ ಬರಿದಾಯಿತು. ತಂದೆಯವರು ಮಾತ್ರ ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಏಳು ಗಂಟೆಗೆ ಬಂದು ಕುಳಿತುಕೊಳ್ಳುತ್ತಿದ್ದರು. ತಾವು ಪ್ರೀತಿಯಿಂದ ಕೆಲಸ ಕಲಿಸಿದ್ದ ಕಿರಿಯರೊಬ್ಬರು ಅದೇ ಬೀದಿಯಲ್ಲಿ ಸೈಕಲ್ಲಿನ ಮೇಲೆ ತಲೆತಗ್ಗಿಸಿ ಹೋದದ್ದನ್ನು ಅವರೂ ನೋಡಿದರು, ನಾನೂ ನೋಡಿದೆ. ಇಬ್ಬರೂ ಮಾತಾಡಲಿಲ್ಲ. ಆ ಮಳೆಗಾಲದಲ್ಲಿ ಅವರು ಬಹಳ ಸೊರಗಿದರು.

ಸುಮಾರು ಎಂಟು ತಿಂಗಳಾದ ಮೇಲೆ ಒಬ್ಬ ಮುದುಕಿ ಪಹಣಿಯ ಹಾಳೆ ಹಿಡಿದು ಬಂದಳು. ತಂದೆಯವರು ನಿವೃತ್ತರೆಂಬುದೂ ಆಕೆಗೆ ತಿಳಿಯದು. “ಈಗ ನಾನು ಕಚೇರಿಯವನಲ್ಲ ತಾಯೀ,” ಎಂದರು. “ಓದಲು ಬರುತ್ತದಲ್ಲವೇ ಸ್ವಾಮಿ?” ಎಂದಳು ಆಕೆ. ತಂದೆಯವರು ಒಂದು ಕ್ಷಣ ಸುಮ್ಮನಿದ್ದು, ಕನ್ನಡಕ ತರಿಸಿಕೊಂಡು, ಹಾಳೆಯನ್ನು ಓದಿ, ಅವಳ ಹೊಲದ ಸರ್ವೆ ನಂಬರಿನಲ್ಲಿ ಬಿದ್ದಿದ್ದ ದೋಷವನ್ನು ಕಂಡುಹಿಡಿದು ಅರ್ಜಿ ಬರೆದುಕೊಟ್ಟರು. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ, ಕಣ್ಣು ಮಂಜಾಗುವವರೆಗೂ, ಅವರ ಜಗುಲಿಯ ಮೇಲೆ ಜನರಿದ್ದರು. ಈ ಸಲ ಬಂದವರು ಶಿರಸ್ತೇದಾರರನ್ನು ನೋಡಲು ಬಂದವರಲ್ಲ. ಕುರ್ಚಿ ಹೋದಾಗ ಅದರೊಂದಿಗೆ ಹೋಗದೆ ಉಳಿದದ್ದು ಅವರ ಅಕ್ಷರ, ಅವರ ಲೆಕ್ಕ, ಅವರ ತಾಳ್ಮೆ. ಅದನ್ನು ಅವರಿಗೆ ತೋರಿಸಿಕೊಟ್ಟದ್ದು ಆ ಮುದುಕಿಯ ಒಂದು ಪ್ರಶ್ನೆ.

ಇದೇ ಮಾತಿಗೆ ದೊಡ್ಡ ಉದಾಹರಣೆಯೂ ನಮ್ಮ ನೆಲದಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮಹಾರಾಜರೊಡನೆ ಅಭಿಪ್ರಾಯಭೇದ ಬಂದಾಗ ದಿವಾನಗಿರಿಯನ್ನು ಬಿಟ್ಟು 1918ರಲ್ಲಿ ಹೊರಬಂದರು. ತರೀಕೆರೆಯ ಮೇಲಣ ಕೆಮ್ಮಣ್ಣುಗುಂಡಿಯ ಅದಿರನ್ನು ನೆಚ್ಚಿಕೊಂಡಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟಕ್ಕೆ ಸಿಕ್ಕಿದಾಗ, 1923ರಲ್ಲಿ ಅದರ ಹೊಣೆ ಹೊರಲು ಅವರನ್ನೇ ಕರೆಯಲಾಯಿತು. ಒಮ್ಮೆ ಸಂಸ್ಥಾನಕ್ಕೇ ಪ್ರಧಾನರಾಗಿದ್ದವರು ಒಂದು ಕಾರ್ಖಾನೆಯ ಮೇಲ್ವಿಚಾರಣೆಗೆ ಬಂದರು. 1929ರವರೆಗೆ ದುಡಿದು ಅದನ್ನು ನಿಲ್ಲಿಸಿದರು. ಇಳಿದದ್ದನ್ನು ಅವಮಾನವೆಂದು ಎದೆಯಲ್ಲಿ ಇಟ್ಟುಕೊಂಡಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

ಓದುಗರೇ, ಸ್ಥಾನಮಾನಗಳು ನಮಗೆಲ್ಲ ಒಂದಲ್ಲ ಒಂದು ದಿನ ಬರುವುವು. ಪಂಚಾಯಿತಿಯ ಸದಸ್ಯತ್ವ, ಸಹಕಾರ ಸಂಘದ ಅಧ್ಯಕ್ಷತೆ, ಧರ್ಮಕೇಂದ್ರದ ಪಾಲನಾ ಸಮಿತಿಯ ಕಾರ್ಯದರ್ಶಿತ್ವ, ಮುಖ್ಯೋಪಾಧ್ಯಾಯರ ಕುರ್ಚಿ, ಮನೆಯಲ್ಲಿ ಬೀಗದ ಕೈಗೊಂಚಲು. ಬಂದಾಗ ಬೇಡವೆನ್ನಬೇಕಾಗಿಲ್ಲ. ಆದರೆ ಮೂರು ಪ್ರಶ್ನೆಗಳನ್ನು ಆಗಾಗ ನಮಗೆ ನಾವೇ ಕೇಳಿಕೊಳ್ಳುವುದು ಒಳ್ಳೆಯದು. ನಾನು ಏರುವಾಗ ಯಾರ ಮನೆಯ ಬಾಗಿಲನ್ನು ಒಡೆಯಲು ದಾರಿ ತೋರಿಸುತ್ತಿದ್ದೇನೆ? ಇದು ನನ್ನ ಕೈಯಲ್ಲಿರುವಷ್ಟು ದಿನ ಇದರಿಂದ ಯಾವ ಕೆರೆ ತುಂಬಿತು? ನಾಳೆ ಇದನ್ನು ಕೆಳಗಿಡಬೇಕಾದರೆ ನನ್ನಲ್ಲಿ ಏನು ಉಳಿದಿರುತ್ತದೆ?

ಇನ್ನೂ ಒಂದು ಕೆಲಸವುಂಟು. ಅದು ಇಳಿದವರಿಗೆ ಸಂಬಂಧಿಸಿದ್ದಲ್ಲ, ಅವರ ಸುತ್ತಲಿರುವ ನಮಗೆ ಸಂಬಂಧಿಸಿದ್ದು. ಪವಿತ್ರ ಗ್ರಂಥದಲ್ಲಿ ಫರೋಹನ ಪಾನಸೇವಕನ ಪ್ರಸಂಗ ನೆನಪಿದೆಯಲ್ಲವೇ? ಸೆರೆಮನೆಯಲ್ಲಿ ಜೋಸೆಫನ ಉಪಕಾರ ಪಡೆದವನು ಮತ್ತೆ ಅರಮನೆ ಸೇರಿದೊಡನೆ ಅವನನ್ನು ಎರಡು ವರ್ಷ ಮರೆತೇಬಿಟ್ಟ. ಅವನು ದುಷ್ಟನಲ್ಲ; ದರ್ಬಾರಿಗೆ ಹಿಂದಿರುಗಿದ ಸಾಮಾನ್ಯ ಮನುಷ್ಯ. ನಮ್ಮ ಬೀದಿಯಲ್ಲಿಯೂ ಒಬ್ಬ ನಿವೃತ್ತರು, ಒಬ್ಬ ಸೋತ ಅಭ್ಯರ್ಥಿ, ಹಳೆಯ ಸಮಿತಿಯ ಒಬ್ಬ ಹಿರಿಯರು ಇದ್ದೇ ಇರುವರು. ಅವರ ಮನೆಯ ಮುಂದೆ ಹಾದುಹೋಗುವಾಗ ತಲೆಯೆತ್ತಿ ನಮಸ್ಕಾರವೆನ್ನಲು ನಮಗೆ ಖರ್ಚಾಗುವುದು ಏನೂ ಇಲ್ಲ.

ತರೀಕೆರೆಯ ಹೆಸರು ಕನ್ನಡ ನಾಡಿನ ಮಕ್ಕಳಿಗೆಲ್ಲ ಗೊತ್ತು. ಪಾಳೆಯಗಾರರಿಂದ ಅಲ್ಲ, ಕಪ್ಪಗಳಿಂದಲೂ ಅಲ್ಲ. ಊರಿನ ಕೆರೆಯ ಏರಿ, ಅದರ ಮೇಲೆ ಮೇಯುವ ಕರಿಯ ಕುರಿಮರಿಗಳು, ಹೇಳಹೊರಟರೆ ನಾಲಿಗೆ ತೊಡರುವ ಆ ಮಾತಿನಾಟದಿಂದ. ನಾಡನ್ನಾಳಿದ ನಾಯಕರ ಸಾಲನ್ನು ಸರಿಯಾಗಿ ಹೇಳಬಲ್ಲವರು ಇಂದು ಬೆರಳೆಣಿಕೆಯಷ್ಟು. ನೀರು ನಿಲ್ಲಿಸಿದ ಆ ಏರಿಯಾದರೋ ಇವತ್ತಿಗೂ ಯಾವುದೋ ಮನೆಯ ಅಂಗಳದಲ್ಲಿ, ನಗುನಗುತ್ತ ತಪ್ಪಿ ತಪ್ಪಿ ಹೇಳುವ ಮಗುವಿನ ಬಾಯಲ್ಲಿದೆ.